ಕ್ಲಾಕ್ ಕೀಲಿ ಒಬ್ಬರ ಕೈಯಲ್ಲೇ ಇರಲಿ: ಲಿನಕ್ಸ್ ಡ್ರೈವರ್‌ನಲ್ಲಿ ರನ್‌ಟೈಮ್ ಪವರ್ ನಿಭಾಯಿಸುವ ಬಗೆ

ಸೀರಿಯಲ್ ಕನ್ಸೋಲ್‌ನಲ್ಲಿ ಕಂಡ ಕೊನೆಯ ಸಾಲು ನನ್ನ ಡ್ರೈವರ್‌ನದು. ಅದಾದ ಮೇಲೆ ಏನೂ ಇಲ್ಲ. ಕರ್ನೆಲ್ ಕುಸಿದಾಗ ಬರುವ ಪ್ಯಾನಿಕ್ ಇಲ್ಲ, ಊಪ್ಸ್ ಇಲ್ಲ, ಎಂಟರ್ ಒತ್ತಿದರೆ ಪ್ರಾಂಪ್ಟ್ ಕೂಡ ಇಲ್ಲ. ಬೋರ್ಡ್ ಕಲ್ಲಿನ ಹಾಗೆ ಕೂತಿತ್ತು. ಮೂರು ತಿಂಗಳಿಂದ ಲ್ಯಾಬ್‌ನಲ್ಲಿ ಒಂದೇ ಒಂದು ತಕರಾರಿಲ್ಲದೆ ಓಡಿದ ಡ್ರೈವರ್ ಅದು. ರಿಲೀಸ್ ಬಿಲ್ಡ್ ಹಾಕಿದ ದಿನ ಹೀಗಾಯಿತು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ವಿಷಯ ಗೊತ್ತಾಯಿತು. ಲ್ಯಾಬ್ ಬೋರ್ಡ್‌ನ ಬೂಟ್ ಆರ್ಗ್ಯುಮೆಂಟ್‌ಗಳಲ್ಲಿ ಯಾರೋ (ಯಾರೋ ಏನು, ನಾನೇ) ‘ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್’ ಅಂತ ಸೇರಿಸಿ ಮರೆತುಬಿಟ್ಟಿದ್ದೆ. ನನ್ನ ಡ್ರೈವರ್ ನಡೆಸುವ ಹಾರ್ಡ್‌ವೇರ್ ಬ್ಲಾಕ್‌ಗೆ (ಚಿಪ್‌ನ ಒಂದು ಭಾಗಕ್ಕೆ) ಬೇಕಾದದ್ದು ಎರಡು ಕ್ಲಾಕ್, ಅಂದರೆ ಅದನ್ನು ಓಡಿಸುವ ಮಿಡಿತದ ಸಿಗ್ನಲ್. ನನ್ನ ಡ್ರೈವರ್ ಕೇಳಿದ್ದು ಒಂದನ್ನೇ. ಇನ್ನೊಂದನ್ನು ಬೂಟ್‌ಲೋಡರ್ ಆನ್ ಮಾಡಿ ಹಾಗೇ ಬಿಟ್ಟಿತ್ತು. ಸಾಮಾನ್ಯವಾಗಿ ಬೂಟ್ ಮುಗಿಯುವ ಹೊತ್ತಿಗೆ ಕರ್ನೆಲ್ ಒಂದು ಸುತ್ತು ಹೊಡೆದು, ಯಾವ ಡ್ರೈವರೂ ಕೇಳದ ಕ್ಲಾಕ್‌ಗಳನ್ನೆಲ್ಲ ಆಫ್ ಮಾಡುತ್ತದೆ. ಆ ಒಂದು ಪದ ಅದನ್ನು ತಡೆದಿತ್ತು. ರಿಲೀಸ್‌ನಲ್ಲಿ ಆ ಪದ ಇರಲಿಲ್ಲ. ಕ್ಲಾಕ್ ಇಲ್ಲದ ಬ್ಲಾಕ್‌ನ ರಿಜಿಸ್ಟರ್ ಓದಲು ಹೋದ ಸಿಪಿಯು ಬಸ್ ಮೇಲೆ ಉತ್ತರಕ್ಕಾಗಿ ಕಾಯುತ್ತಾ ನಿಂತಿತು. ಉತ್ತರ ಬರಲೇ ಇಲ್ಲ.

ಇಂಥ ಎರಡು ದಿನ ನಿಮಗೆ ಬರಬಾರದು ಅಂತ ಈ ಲೇಖನ. ನಿಮಗೆ ಸಿ ಗೊತ್ತು, ಒಂದಾದರೂ ಪ್ಲಾಟ್‌ಫಾರ್ಮ್ ಡ್ರೈವರ್ ಬರೆದಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಫಂಕ್ಷನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ರನ್‌ಟೈಮ್ ಪಿಎಂ (ಪವರ್ ಮ್ಯಾನೇಜ್‌ಮೆಂಟ್) ಅಂದರೆ ಬಳಸದಾಗ ಡಿವೈಸನ್ನು ಮಲಗಿಸಿ, ಬೇಕಾದಾಗ ಎಬ್ಬಿಸುವ ಕರ್ನೆಲ್ ವ್ಯವಸ್ಥೆ. ಅದರ ಫಂಕ್ಷನ್‌ಗಳ ಹೆಸರೆಲ್ಲ ‘ಪಿಎಂ_ರನ್‌ಟೈಮ್_’ ಅಂತಲೇ ಶುರುವಾಗುತ್ತದೆ. ಪ್ರತಿ ಸಲ ಅದನ್ನು ಬರೆದರೆ ಓದಲು ಹಿಂಸೆ, ಅದಕ್ಕೆ ಬಿಟ್ಟಿದ್ದೇನೆ.

ಕೆರೆ, ಕಾಲುವೆ, ತೂಬು

ಚಿಪ್ ಒಳಗಿನ ಕ್ಲಾಕ್ ವ್ಯವಸ್ಥೆ ಕೆರೆ ಕಾಲುವೆಯ ಹಾಗೆ. ಕ್ರಿಸ್ಟಲ್ ಅನ್ನುವುದು ಕೆರೆ. ಬೀಗಲ್‌ಬೋನ್ ಬ್ಲಾಕ್‌ನಲ್ಲಿ ಅದು 24 ಮೆಗಾಹರ್ಟ್ಸ್. ಪಿಎಲ್‌ಎಲ್ ಅದನ್ನು ನೂರಾರು ಮೆಗಾಹರ್ಟ್ಸ್‌ಗೆ ಏರಿಸುತ್ತದೆ. ಡಿವೈಡರ್ ಭಾಗ ಮಾಡಿ ಇಳಿಸುತ್ತದೆ. ಮಕ್ಸ್ ಯಾವ ಕಾಲುವೆಯಿಂದ ತೆಗೆದುಕೊಳ್ಳಬೇಕು ಅಂತ ಆರಿಸುತ್ತದೆ. ಕೊನೆಗೆ ನಿಮ್ಮ ಗದ್ದೆಯ ಬದಿಯಲ್ಲಿ ಒಂದು ತೂಬು, ಅಂದರೆ ಗೇಟ್. ನಿಮ್ಮ ತೂಬು ತೆರೆಯಬೇಕಾದರೆ ಮೇಲಿನ ತೂಬುಗಳೆಲ್ಲ ತೆರೆದಿರಬೇಕು. ಆ ಕೆಲಸವನ್ನು ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ ಮಾಡುತ್ತದೆ. ಅದು ಬಂದದ್ದು 2012ರಲ್ಲಿ, ಕರ್ನೆಲ್ 3.4ರ ಜೊತೆ. ಅದಕ್ಕೂ ಮುಂಚೆ ಎಆರ್‌ಎಂ ಪ್ಲಾಟ್‌ಫಾರ್ಮ್‌ಗಳು ಒಂದೊಂದೂ ತಮ್ಮದೇ ಕ್ಲಾಕ್ ಕೋಡ್ ಇಟ್ಟುಕೊಂಡಿದ್ದವು.

ತೂಬಿಗೆ ಒಂದು ಲೆಕ್ಕ ಇರುತ್ತದೆ. ಮೂರು ಜನ ‘ತೆರಿ’ ಅಂದರೆ ಲೆಕ್ಕ 3. ಮೂರೂ ಜನ ‘ಸಾಕು’ ಅಂದ ಮೇಲೆಯೇ ಮುಚ್ಚುವುದು. ಒಬ್ಬ ಹೇಳಲು ಮರೆತರೆ ತೂಬು ತೆರೆದೇ ಇರುತ್ತದೆ, ಬ್ಯಾಟರಿ ಸೋರುತ್ತದೆ. ಒಬ್ಬ ಎರಡು ಸಲ ‘ಸಾಕು’ ಅಂದರೆ ಪಕ್ಕದವನ ಗದ್ದೆಗೂ ನೀರು ನಿಲ್ಲುತ್ತದೆ. ಲೆಕ್ಕ ಸೊನ್ನೆ ಆದ ಮೇಲೂ ಯಾರಾದರೂ ‘ಸಾಕು’ ಅಂದರೆ, ಕರ್ನೆಲ್ ಲಾಗ್‌ನಲ್ಲಿ ಕ್ಲಾಕ್ ಹೆಸರಿನ ಜೊತೆ ‘ಆಲ್‌ರೆಡಿ ಡಿಸೇಬಲ್ಡ್’ ಅನ್ನುವ ಎಚ್ಚರಿಕೆ ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೇ ನೀರುಗಂಟಿ ಇದ್ದ. ರೈತರು ತಾವೇ ಹೋಗಿ ತೂಬು ಎಳೆಯುವಂತಿರಲಿಲ್ಲ. ನೀರುಗಂಟಿಗೆ ಹೇಳಬೇಕು, ಅವನು ಬಿಡಬೇಕು. ಡ್ರೈವರ್‌ನಲ್ಲಿ ಆ ನೀರುಗಂಟಿ ಅಂದರೆ ರನ್‌ಟೈಮ್ ಪಿಎಂ. 2009ರಿಂದ, 2.6.32ನೇ ಕರ್ನೆಲ್‌ನಿಂದ ಇದೆ. ನಾನು ಹೇಳುವುದು ಇಷ್ಟೇ: ನಿಮ್ಮ ಡ್ರೈವರ್‌ನಲ್ಲಿ ಕ್ಲಾಕ್ ಮುಟ್ಟುವ ಜಾಗ ಎರಡೇ ಇರಲಿ. ರೆಸ್ಯೂಮ್ ಕಾಲ್‌ಬ್ಯಾಕ್‌ನಲ್ಲಿ ಆನ್, ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಆಫ್. ಉಳಿದ ಕೋಡ್ ಎಲ್ಲ ನೀರುಗಂಟಿಯನ್ನು ಕೇಳಲಿ. ನಾನು ರಿವ್ಯೂ ಮಾಡಿದ ಡ್ರೈವರ್‌ಗಳಲ್ಲಿ ಪವರ್ ಬಗ್ ಕಂಡಾಗಲೆಲ್ಲ, ನಡುವೆ ಯಾವುದೋ ಒಂದು ಫಂಕ್ಷನ್ ತಾನೇ ತೂಬು ಎಳೆದಿರುತ್ತಿತ್ತು.

ಮೊದಲು ಡೇಟಾಶೀಟ್ ಓದಿ

ಕೋಡ್ ತೆರೆಯುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಈ ಬ್ಲಾಕ್‌ಗೆ ಎಷ್ಟು ಕ್ಲಾಕ್ ಬೇಕು? ಬಹಳಷ್ಟು ಕಡೆ ಎರಡಿರುತ್ತವೆ. ಒಂದು ಇಂಟರ್‌ಫೇಸ್ ಕ್ಲಾಕ್, ಅಂದರೆ ರಿಜಿಸ್ಟರ್ ಓದಿ ಬರೆಯಲು ಬೇಕಾದದ್ದು. ಇನ್ನೊಂದು ಫಂಕ್ಷನಲ್ ಕ್ಲಾಕ್, ಅಂದರೆ ಬ್ಲಾಕ್ ತನ್ನ ಅಸಲಿ ಕೆಲಸ ಮಾಡಲು ಬೇಕಾದದ್ದು. ನಾನು ಬಿಟ್ಟಿದ್ದು ಮೊದಲನೆಯದನ್ನು.

ಆಮೇಲೆ ಡಿವೈಸ್ ಟ್ರೀ, ಅಂದರೆ ಬೋರ್ಡ್‌ನ ಹಾರ್ಡ್‌ವೇರನ್ನು ಕರ್ನೆಲ್‌ಗೆ ವಿವರಿಸುವ ಫೈಲ್ ನೋಡಿ. ‘ಕ್ಲಾಕ್ಸ್’ ಪ್ರಾಪರ್ಟಿಯಲ್ಲಿ ಎರಡೂ ಇವೆಯಾ? ‘ಕ್ಲಾಕ್-ನೇಮ್ಸ್’ನಲ್ಲಿ ಹೆಸರಿನ ಕ್ರಮ ಅದಕ್ಕೆ ಸರಿಯಾಗಿ ಇದೆಯಾ? ಕ್ರಮ ತಪ್ಪಿದರೆ ಕಂಪೈಲರ್ ಏನೂ ಹೇಳುವುದಿಲ್ಲ. ಹೆಸರು ಒಂದರದು, ಕ್ಲಾಕ್ ಇನ್ನೊಂದರದು ಆಗಿ ಕೂರುತ್ತದೆ.

ಈಗಲೇ ಬೂಟ್ ಆರ್ಗ್ಯುಮೆಂಟ್‌ಗಳನ್ನೂ ನೋಡಿಬಿಡಿ. ‘ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್’ ಇದ್ದರೆ ತೆಗೆಯಿರಿ. ಅದರ ತಮ್ಮ ‘ಪಿಡಿ_ಇಗ್ನೋರ್_ಅನ್‌ಯೂಸ್ಡ್’ ಪವರ್ ಡೊಮೇನ್‌ಗಳಿಗೆ (ಒಟ್ಟಿಗೆ ಕರೆಂಟ್ ಆನ್, ಆಫ್ ಆಗುವ ಚಿಪ್‌ನ ಭಾಗಗಳಿಗೆ) ಅದೇ ಕೆಲಸ ಮಾಡುತ್ತದೆ, ಅದನ್ನೂ ತೆಗೆಯಿರಿ. ಹೊಸ ಬೋರ್ಡ್ ಎಬ್ಬಿಸುವಾಗ ಇವೆರಡೂ ಊರುಗೋಲು. ಡ್ರೈವರ್ ಟೆಸ್ಟ್ ಮಾಡುವಾಗ ಊರುಗೋಲು ಹಿಡಿದೇ ನಡೆದರೆ ಕಾಲು ಸರಿ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಪ್ರೋಬ್‌ನಲ್ಲಿ ಕ್ಲಾಕ್ ಹಿಡಿಯುವುದು

ಪ್ರೋಬ್‌ನಲ್ಲಿ, ಅಂದರೆ ಡಿವೈಸ್ ಸಿಕ್ಕಾಗ ಕರ್ನೆಲ್ ಮೊದಲು ಕರೆಯುವ ಡ್ರೈವರ್ ಫಂಕ್ಷನ್‌ನಲ್ಲಿ, ‘ಡೆವ್‌ಎಂ_ಸಿಎಲ್‌ಕೆ_ಗೆಟ್’ ಕರೆದು ಕ್ಲಾಕ್‌ನ ಹಿಡಿ ತೆಗೆದುಕೊಳ್ಳಿ. ಇದು ಹಿಡಿ ಕೊಡುತ್ತದೆ ಅಷ್ಟೇ, ಆನ್ ಮಾಡುವುದಿಲ್ಲ. ‘ಡೆವ್‌ಎಂ’ ಅಂದರೆ ಡ್ರೈವರ್ ತೆಗೆಯುವಾಗ ಹಿಡಿದದ್ದನ್ನು ಕರ್ನೆಲ್ ತಾನೇ ಬಿಡುತ್ತದೆ. ಕ್ಲಾಕ್‌ಗಳು ಮೂರು ನಾಲ್ಕು ಇದ್ದರೆ ‘ಬಲ್ಕ್’ ಬಗೆಯ ಫಂಕ್ಷನ್‌ಗಳನ್ನು ಬಳಸಿ. ನಡುವೆ ಒಂದು ಫೇಲ್ ಆದರೆ ಹಿಂದಿನವನ್ನು ಅದೇ ಆಫ್ ಮಾಡುತ್ತದೆ. ಕೆಲವು ಚಿಪ್‌ಗಳಲ್ಲಿ ಮಾತ್ರ ಇರುವ ಕ್ಲಾಕ್ ಆದರೆ ‘ಆಪ್ಷನಲ್’ ಬಗೆಯದು ಸರಿ. ಕ್ಲಾಕ್ ಇಲ್ಲದಿದ್ದರೆ ನಲ್ ಕೊಡುತ್ತದೆ. ಕ್ಲಾಕ್ ಫಂಕ್ಷನ್‌ಗಳಿಗೆ ನಲ್ ಕೊಟ್ಟರೆ ಸುಮ್ನೆ ಯಶಸ್ಸು ಅಂತ ಹಿಂತಿರುಗುತ್ತವೆ. ಹಾಗಾಗಿ ಎಲ್ಲೆಂದರಲ್ಲಿ ‘ಇಫ್’ ಹಾಕುವುದು ಬೇಡ.

ಎರರ್ -517 ಬಂದರೆ ಗಾಬರಿ ಬೇಡ. ಅದು ‘ಕ್ಲಾಕ್ ಡ್ರೈವರ್ ಇನ್ನೂ ಬಂದಿಲ್ಲ, ಆಮೇಲೆ ಬಾ’ ಅನ್ನುವ ಪ್ರೋಬ್ ಡಿಫರ್. ಆ ನಂಬರ್ ಹಾಗೇ ವಾಪಸ್ ಕೊಡಿ. ‘ಡೆವ್_ಎರ್_ಪ್ರೋಬ್’ ಬಳಸಿದರೆ ಲಾಗ್‌ನಲ್ಲಿ ಕಸವೂ ತುಂಬುವುದಿಲ್ಲ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ‘ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್’ ಅಂತ ಒಂದಿದೆ. ಹಿಡಿಯುವುದು, ಆನ್ ಮಾಡುವುದು, ಕೊನೆಗೆ ಆಫ್ ಮಾಡುವುದು ಎಲ್ಲ ಒಂದೇ ಸಾಲು. ಸೊಗಸಾಗಿದೆ ಅಲ್ವಾ? ಯಾವಾಗಲೂ ಆನ್ ಇರುವ ಕ್ಲಾಕ್‌ಗೆ ಖಂಡಿತ ಬಳಸಿ. ರನ್‌ಟೈಮ್ ಪಿಎಂ ನೋಡಿಕೊಳ್ಳುವ ಕ್ಲಾಕ್‌ಗೆ ಮಾತ್ರ ಬೇಡ. ಸಸ್ಪೆಂಡ್ ಕಾಲ್‌ಬ್ಯಾಕ್ ಒಮ್ಮೆ ಆಫ್ ಮಾಡಿರುತ್ತದೆ, ಡ್ರೈವರ್ ತೆಗೆಯುವಾಗ ಡೆವ್‌ಎಂ ಇನ್ನೊಮ್ಮೆ ಆಫ್ ಮಾಡುತ್ತದೆ. ಒಂದೇ ತೂಬಿಗೆ ಇಬ್ಬರು ನೀರುಗಂಟಿಗಳು.

ಪ್ರಿಪೇರ್ ಬೇರೆ, ಎನೇಬಲ್ ಬೇರೆ

ಕ್ಲಾಕ್ ಆನ್ ಮಾಡುವುದು ಎರಡು ಹಂತ. ‘ಪ್ರಿಪೇರ್’ ಹಂತದಲ್ಲಿ ನಿದ್ದೆ ಮಾಡಬಹುದು, ಒಳಗೆ ಮ್ಯೂಟೆಕ್ಸ್ ಇದೆ. ಪಿಎಲ್‌ಎಲ್ ಲಾಕ್ ಆಗಲು ಕಾಯಬೇಕಾಗಬಹುದು. ಕ್ಲಾಕ್ ಚಿಪ್ ಐ2ಸಿ ಆಚೆ ಕೂತಿದ್ದರೆ ಬಸ್ ಮೇಲೆ ಮಾತಾಡಬೇಕಾಗಬಹುದು. ‘ಎನೇಬಲ್’ ಹಂತ ಸ್ಪಿನ್‌ಲಾಕ್ ಒಳಗೆ ನಡೆಯುತ್ತದೆ, ಅಲ್ಲಿ ನಿದ್ದೆ ಮಾಡುವಂತಿಲ್ಲ. ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್‌ನಿಂದ ಎನೇಬಲ್ ಕರೆಯಬಹುದು, ಪ್ರಿಪೇರ್ ಕರೆಯುವಂತಿಲ್ಲ. ರನ್‌ಟೈಮ್ ಕಾಲ್‌ಬ್ಯಾಕ್‌ಗಳು ಸಾಮಾನ್ಯವಾಗಿ ನಿದ್ದೆ ಮಾಡಬಹುದಾದ ಜಾಗದಲ್ಲೇ ಓಡುವುದರಿಂದ ಎರಡೂ ಸೇರಿದ ‘ಸಿಎಲ್‌ಕೆ_ಪ್ರಿಪೇರ್_ಎನೇಬಲ್’ ಸಾಕು.

ರೆಸ್ಯೂಮ್, ಸಸ್ಪೆಂಡ್ ಬರೆಯುವುದು

ಇಡೀ ಡ್ರೈವರ್‌ನ ಪವರ್ ಕಥೆ ಇರುವುದು ಈ ಎರಡು ಫಂಕ್ಷನ್‌ಗಳಲ್ಲಿ. ನಿಧಾನವಾಗಿ ಬರೆಯಿರಿ. ರೆಸ್ಯೂಮ್‌ನಲ್ಲಿ ನಾನು ಹಾಕುವ ಕ್ರಮ ಹೀಗೆ:

1. ರೆಗ್ಯುಲೇಟರ್ (ವೋಲ್ಟೇಜ್ ಕೊಡುವ ಭಾಗ) ಇದ್ದರೆ ಮೊದಲು ಅದು ಆನ್.
2. ಇಂಟರ್‌ಫೇಸ್ ಕ್ಲಾಕ್, ಆಮೇಲೆ ಫಂಕ್ಷನಲ್ ಕ್ಲಾಕ್. ಎರಡನೆಯದು ಫೇಲ್ ಆದರೆ ಮೊದಲನೆಯದನ್ನೂ ರೆಗ್ಯುಲೇಟರನ್ನೂ ಆಫ್ ಮಾಡಿ ಎರರ್ ಕೊಡಿ.
3. ರೀಸೆಟ್ ಲೈನ್ ಇದ್ದರೆ ಬಿಡಿಸಿ. ರೀಸೆಟ್ ಮೊದಲೋ ಕ್ಲಾಕ್ ಮೊದಲೋ ಅನ್ನುವುದಕ್ಕೆ ಡೇಟಾಶೀಟ್‌ನ ಮಾತೇ ಕೊನೆ.
4. ರಿಜಿಸ್ಟರ್‌ಗಳನ್ನು ಮತ್ತೆ ಬರೆಯಿರಿ.
5. ಕೊನೆಗೆ ಡಿವೈಸ್‌ನ ಇಂಟರಪ್ಟ್ ಮಾಸ್ಕ್ ತೆಗೆಯಿರಿ.

ಸಸ್ಪೆಂಡ್ ಇದರ ಉಲ್ಟಾ. ಮೊದಲು ಇಂಟರಪ್ಟ್ ಮಾಸ್ಕ್, ಕೊನೆಗೆ ರೆಗ್ಯುಲೇಟರ್.

ನಾಲ್ಕನೇ ಸಾಲಿನ ಹತ್ತಿರ ಸ್ವಲ್ಪ ನಿಲ್ಲೋಣ. ಚಿಪ್‌ನಲ್ಲಿ ಖರ್ಚಾಗುವ ಡೈನಾಮಿಕ್ ಪವರ್ ಮೂರರ ಗುಣಾಕಾರ: ಕೆಪ್ಯಾಸಿಟೆನ್ಸ್, ವೋಲ್ಟೇಜ್‌ನ ವರ್ಗ, ಫ್ರೀಕ್ವೆನ್ಸಿ. ಕ್ಲಾಕ್ ನಿಲ್ಲಿಸಿದರೆ ಫ್ರೀಕ್ವೆನ್ಸಿ ಸೊನ್ನೆ, ಈ ಖರ್ಚೂ ಸೊನ್ನೆ. ಕರೆಂಟ್ ಇನ್ನೂ ಇರುವುದರಿಂದ ರಿಜಿಸ್ಟರ್‌ಗಳಲ್ಲಿ ಬರೆದದ್ದು ಹಾಗೇ ಇರುತ್ತದೆ. ಆದರೆ ಲೀಕೇಜ್, ಅಂದರೆ ಸುಮ್ಮನಿದ್ದರೂ ಸೋರುವ ಕರೆಂಟ್, ಮುಂದುವರಿಯುತ್ತದೆ. ಅದನ್ನೂ ನಿಲ್ಲಿಸಬೇಕಾದರೆ ಪವರ್ ಡೊಮೇನ್ ಆಫ್ ಆಗಬೇಕು. ಅದು ಆಫ್ ಆದರೆ ರಿಜಿಸ್ಟರ್‌ಗಳೂ ಖಾಲಿ. ಒಂದು ಡೊಮೇನ್‌ನಲ್ಲಿ ನಾಲ್ಕು ಡಿವೈಸ್ ಇದ್ದು, ನಾಲ್ಕೂ ಮಲಗಿದಾಗ ಮಾತ್ರ ಡೊಮೇನ್ ಆಫ್ ಆಗುತ್ತದೆ. ನಿಮ್ಮ ಮೇಜಿನ ಮೇಲೆ ಪಕ್ಕದ ಡಿವೈಸ್ ಯಾವಾಗಲೂ ಎದ್ದಿರುತ್ತದೆ, ನಿಮ್ಮ ರಿಜಿಸ್ಟರ್ ಅಳಿಸುವುದೇ ಇಲ್ಲ. ಗ್ರಾಹಕರ ಕೈಯಲ್ಲಿ ರಾತ್ರಿ ನಾಲ್ಕೂ ಮಲಗುತ್ತವೆ, ಬೆಳಿಗ್ಗೆ ನಿಮ್ಮ ಡಿವೈಸ್ ಸೆಟ್ಟಿಂಗ್ ಮರೆತು ಏಳುತ್ತದೆ. ಹಾಗಾಗಿ ‘ನನ್ನ ಚಿಪ್‌ನಲ್ಲಿ ಅಳಿಸುವುದಿಲ್ಲ’ ಅಂತ ನಂಬಬೇಡಿ. ಬರೆಯಬೇಕಾದ ಬೆಲೆಗಳನ್ನು ಡ್ರೈವರ್‌ನ ಸ್ಟ್ರಕ್ಟ್‌ನಲ್ಲಿ ಇಟ್ಟುಕೊಂಡು ಪ್ರತಿ ರೆಸ್ಯೂಮ್‌ನಲ್ಲೂ ಬರೆಯಿರಿ. ಹತ್ತಿಪ್ಪತ್ತು ರಿಜಿಸ್ಟರ್ ಬರೆಯುವ ಖರ್ಚು ಲೆಕ್ಕಕ್ಕೇ ಬಾರದು.

ಇನ್ನೊಂದು ಸಣ್ಣ ವಿಷಯ. ಸಸ್ಪೆಂಡ್ ಈಗ ಆಗುವುದಿಲ್ಲ ಅಂತ ಹೇಳಬೇಕಾದರೆ ‘ಇಬಿಝಿ’ ಅಥವಾ ‘ಇಅಗೇನ್’ ಎರರ್ ಮಾತ್ರ ಕೊಡಿ. ಬೇರೆ ಎರರ್ ಕೊಟ್ಟರೆ ಪಿಎಂ ಕೋರ್ (ರನ್‌ಟೈಮ್ ಪಿಎಂ ನಡೆಸುವ ಕರ್ನೆಲ್ ಕೋಡ್) ಡಿವೈಸ್ ಕೆಟ್ಟಿದೆ ಅಂದುಕೊಳ್ಳುತ್ತದೆ. ಆಮೇಲೆ ನೀವು ಸ್ಥಿತಿಯನ್ನು ಹೊಸದಾಗಿ ಹೇಳುವ ತನಕ ಎಬ್ಬಿಸುವುದೂ ಇಲ್ಲ, ಮಲಗಿಸುವುದೂ ಇಲ್ಲ.

ಎಲ್ಲರೂ ಎಡವುವ ಜಾಗ: ಪ್ರೋಬ್‌ನ ಲೆಕ್ಕ

ಡಿವೈಸ್ ಹುಟ್ಟುವಾಗ ಪಿಎಂ ಕೋರ್ ಲೆಕ್ಕದಲ್ಲಿ ಅದು ‘ಸಸ್ಪೆಂಡೆಡ್’. ಹಾರ್ಡ್‌ವೇರ್‌ನಲ್ಲಿ ಕ್ಲಾಕ್ ಉರಿಯುತ್ತಿದ್ದರೂ ಅದಕ್ಕೆ ಗೊತ್ತಿಲ್ಲ. ಈಗ ಈ ಕಥೆ ನೋಡಿ. ಪ್ರೋಬ್‌ನಲ್ಲಿ ನೀವು ಐಡಿ ರಿಜಿಸ್ಟರ್ ಓದಲು ಕ್ಲಾಕ್ ಆನ್ ಮಾಡಿದಿರಿ. ಲೆಕ್ಕ 1. ಆಮೇಲೆ ‘ಎನೇಬಲ್’ ಕರೆದು ರನ್‌ಟೈಮ್ ಪಿಎಂ ಶುರು ಮಾಡಿದಿರಿ. ಮೊದಲ ಬಳಕೆದಾರ ಬಂದ. ಕೋರ್ ‘ಇದು ಮಲಗಿದೆ’ ಅಂದುಕೊಂಡು ರೆಸ್ಯೂಮ್ ಕರೆಯಿತು. ಲೆಕ್ಕ 2. ಬಳಕೆದಾರ ಹೋದ, ಸಸ್ಪೆಂಡ್ ಆಯಿತು. ಲೆಕ್ಕ 1. ಅಲ್ಲೇ ನಿಂತಿತು. ಸಾವಿರ ಸಲ ಎದ್ದು ಮಲಗಿದರೂ 2, 1, 2, 1. ಸೊನ್ನೆ ಎಂದೂ ಬರುವುದಿಲ್ಲ. ಎಲ್ಲ ಟೆಸ್ಟ್ ಪಾಸ್, ಸ್ಥಿತಿ ‘ಸಸ್ಪೆಂಡೆಡ್’ ಅಂತಲೇ ಕಾಣುತ್ತದೆ, ಬ್ಯಾಟರಿ ಮಾತ್ರ ನಿಲ್ಲುವುದಿಲ್ಲ. ಡ್ರೈವರ್ ಸತ್ತರೆ ಯಾರಾದರೂ ಕೇಳುತ್ತಾರೆ. ಇದನ್ನು ಕೇಳುವವರೇ ಇಲ್ಲ.

ಇದಕ್ಕೆ ಎರಡು ದಾರಿ. ಒಂದು, ಪ್ರೋಬ್‌ನಲ್ಲಿ ಕ್ಲಾಕ್ ಮುಟ್ಟಲೇ ಬೇಡಿ. ‘ಎನೇಬಲ್’ ಕರೆಯಿರಿ, ‘ರೆಸ್ಯೂಮ್_ಅಂಡ್_ಗೆಟ್’ ಕರೆಯಿರಿ, ಐಡಿ ಓದಿ, ‘ಪುಟ್’ ಮಾಡಿ. ಎರಡು, ನಿಮ್ಮ ರೆಸ್ಯೂಮ್ ಫಂಕ್ಷನನ್ನೇ ನೇರವಾಗಿ ಕರೆದು ಆನ್ ಮಾಡಿ, ‘ಸೆಟ್_ಆ್ಯಕ್ಟಿವ್’ ಅಂತ ಕೋರ್‌ಗೆ ಹೇಳಿ, ‘ಗೆಟ್_ನೋರೆಸ್ಯೂಮ್’ನಿಂದ ಒಂದು ಲೆಕ್ಕ ಹಿಡಿದುಕೊಂಡು ‘ಎನೇಬಲ್’ ಮಾಡಿ, ಪ್ರೋಬ್ ಮುಗಿಯುವಾಗ ‘ಪುಟ್’ ಮಾಡಿ. ‘ಸೆಟ್_ಆ್ಯಕ್ಟಿವ್’ ಯಾವಾಗಲೂ ‘ಎನೇಬಲ್’ಗಿಂತ ಮುಂಚೆ.

ಮೊದಲನೆಯದು ಚಿಕ್ಕದು, ಆದರೆ ಒಂದು ಗುಂಡಿ ಇದೆ. ಕರ್ನೆಲ್‌ನಲ್ಲಿ ‘ಕಾನ್ಫಿಗ್_ಪಿಎಂ’ ಇಲ್ಲದಿದ್ದರೆ ಈ ಫಂಕ್ಷನ್‌ಗಳೆಲ್ಲ ಖಾಲಿ ಡಬ್ಬ. ‘ರೆಸ್ಯೂಮ್_ಅಂಡ್_ಗೆಟ್’ ಯಶಸ್ಸು ಅನ್ನುತ್ತದೆ, ಕ್ಲಾಕ್ ಆನ್ ಆಗಿರುವುದಿಲ್ಲ, ಬೋರ್ಡ್ ಕಲ್ಲಾಗುತ್ತದೆ. ಹಾಗಾಗಿ ಮೊದಲ ದಾರಿ ಹಿಡಿದರೆ ಕೆಕಾನ್ಫಿಗ್‌ನಲ್ಲಿ (ಬಿಲ್ಡ್ ಆಯ್ಕೆಗಳ ಫೈಲ್‌ನಲ್ಲಿ) ‘ಪಿಎಂ’ ಬೇಕೇ ಬೇಕು ಅಂತ ಬರೆಯಿರಿ. ನನ್ನ ಒಲವು ಎರಡನೇ ದಾರಿಗೆ.

ಬಳಸುವ ಜಾಗದಲ್ಲಿ

ರಿಜಿಸ್ಟರ್ ಮುಟ್ಟುವ ಮುಂಚೆ ‘ರೆಸ್ಯೂಮ್_ಅಂಡ್_ಗೆಟ್’, ಮುಟ್ಟಿದ ಮೇಲೆ ‘ಪುಟ್_ಆಟೋಸಸ್ಪೆಂಡ್’. ಹಳೇ ಕೋಡ್‌ನಲ್ಲಿ ‘ಗೆಟ್_ಸಿಂಕ್’ ಜಾಸ್ತಿ ಕಾಣುತ್ತದೆ. ಅದರ ಗುಣ ವಿಚಿತ್ರ. ಎಬ್ಬಿಸಲು ಆಗದೆ ಎರರ್ ಕೊಟ್ಟರೂ ಬಳಕೆಯ ಲೆಕ್ಕವನ್ನು ಏರಿಸಿಯೇ ಇರುತ್ತದೆ. ಎರರ್ ಬಂತು ಅಂತ ಸುಮ್ನೆ ವಾಪಸ್ ಹೋದರೆ ಲೆಕ್ಕ ಒಂದು ಜಾಸ್ತಿ ಉಳಿಯಿತು, ಡಿವೈಸ್ ಇನ್ನು ಮಲಗುವುದಿಲ್ಲ. ‘ಪುಟ್_ನೋಐಡಲ್’ ಕರೆದು ಇಳಿಸಬೇಕು. ಇದನ್ನು ಮರೆತ ಡ್ರೈವರ್‌ಗಳು ಎಷ್ಟೋ. ಅದಕ್ಕೇ 2020ರಲ್ಲಿ ‘ರೆಸ್ಯೂಮ್_ಅಂಡ್_ಗೆಟ್’ ಬಂತು. ಫೇಲ್ ಆದರೆ ಅದೇ ಲೆಕ್ಕ ಇಳಿಸುತ್ತದೆ. ಹೊಸ ಕೋಡ್‌ನಲ್ಲಿ ಅದನ್ನೇ ಬಳಸಿ.

ಆಟೋಸಸ್ಪೆಂಡ್ ಅಂದರೆ ಕೆಲಸ ಮುಗಿದ ತಕ್ಷಣ ಮಲಗಿಸದೆ ಸ್ವಲ್ಪ ಕಾಯುವುದು. ಎಷ್ಟು ಕಾಯಬೇಕು? ಕರ್ನೆಲ್‌ನ ಒಮ್ಯಾಪ್ (ಟಿಐ ಕಂಪನಿಯ ಚಿಪ್ ಕುಟುಂಬ) ಐ2ಸಿ ಡ್ರೈವರ್ 1000 ಮಿಲಿಸೆಕೆಂಡ್ ಕಾಯುತ್ತದೆ, ಅದೇ ಕುಟುಂಬದ ಎಸ್‌ಪಿಐ ಡ್ರೈವರ್ 2000. ನಿಮ್ಮ ಡಿವೈಸ್ ಏಳಲು ಕೆಲವು ಮೈಕ್ರೋಸೆಕೆಂಡ್ ಸಾಕಾದರೆ ಇಷ್ಟು ಬೇಡ, 50 ಅಥವಾ 100 ಇಟ್ಟು ಅಳೆದು ನೋಡಿ. ‘ಪುಟ್’ಗೆ ಮುಂಚೆ ‘ಮಾರ್ಕ್_ಲಾಸ್ಟ್_ಬಿಝಿ’ ಕರೆಯುವುದು ಹಳೇ ಪದ್ಧತಿ. ತೀರಾ ಹೊಸ ಕರ್ನೆಲ್‌ಗಳಲ್ಲಿ ‘ಪುಟ್_ಆಟೋಸಸ್ಪೆಂಡ್’ ಅದನ್ನೂ ತಾನೇ ಮಾಡುತ್ತದೆ. ಹಳೆಯದರಲ್ಲೂ ಓಡಬೇಕಾದರೆ ಬರೆದುಬಿಡಿ, ನಷ್ಟವಿಲ್ಲ.

ಇಂಟರಪ್ಟ್ ಹ್ಯಾಂಡ್ಲರ್

ನಿಮ್ಮ ಇಂಟರಪ್ಟ್ ಲೈನ್ ಬೇರೆ ಡಿವೈಸ್ ಜೊತೆ ಹಂಚಿಕೆಯಾಗಿದ್ದರೆ, ನೀವು ಮಲಗಿರುವಾಗಲೂ ನಿಮ್ಮ ಹ್ಯಾಂಡ್ಲರ್ ಓಡುತ್ತದೆ. ಅದು ಮೊದಲು ಮಾಡುವ ಕೆಲಸವೇ ಸ್ಟೇಟಸ್ ರಿಜಿಸ್ಟರ್ ಓದುವುದು. ಕ್ಲಾಕ್ ಇಲ್ಲ, ಮತ್ತೆ ಕಲ್ಲು. ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲಿ ‘ಗೆಟ್_ಇಫ್_ಆ್ಯಕ್ಟಿವ್’ ಕರೆಯಿರಿ. ಸೊನ್ನೆಗಿಂತ ಜಾಸ್ತಿ ಬಂದರೆ ಮಾತ್ರ ಮುಂದೆ ಹೋಗಿ, ಕೊನೆಗೆ ‘ಪುಟ್’. ಇಲ್ಲದಿದ್ದರೆ ‘ಇದು ನನ್ನದಲ್ಲ’ ಅಂತ ವಾಪಸ್.

ಡ್ರೈವರ್ ತೆಗೆಯುವಾಗಲೂ ಇದೇ ಕಾಟ. ಡೆವ್‌ಎಂ ಮೂಲಕ ಪಡೆದ ಇಂಟರಪ್ಟ್ ಬಿಡುಗಡೆ ಆಗುವುದು ರಿಮೂವ್ ಫಂಕ್ಷನ್ ಮುಗಿದ ಮೇಲೆ. ನೀವು ರಿಮೂವ್‌ನಲ್ಲಿ ಕ್ಲಾಕ್ ಆಫ್ ಮಾಡಿದ್ದೀರಿ, ಹ್ಯಾಂಡ್ಲರ್ ಇನ್ನೂ ಬದುಕಿದೆ. ಇದನ್ನು ಹಿಡಿಯಲು ಕರ್ನೆಲ್‌ನಲ್ಲೇ ಒಂದು ಬಲೆ ಇದೆ. ‘ಕಾನ್ಫಿಗ್_ಡಿಬಗ್_ಎಸ್‌ಎಚ್‌ಐಆರ್‌ಕ್ಯು’ ಆನ್ ಮಾಡಿದರೆ, ಹಂಚಿಕೆಯ ಇಂಟರಪ್ಟ್ ಬಿಡುಗಡೆ ಮಾಡುವಾಗ ಅದು ಬೇಕಂತಲೇ ಹ್ಯಾಂಡ್ಲರನ್ನು ಒಮ್ಮೆ ಕರೆಯುತ್ತದೆ. ತಪ್ಪಿದ್ದರೆ ನಿಮ್ಮ ಮೇಜಿನ ಮೇಲೇ ಬೀಳುತ್ತದೆ.

ರಿಮೂವ್ ಕ್ರಮ: ಮೊದಲು ಇಂಟರಪ್ಟ್ ಬಿಡಿ, ಆಮೇಲೆ ‘ಡೋಂಟ್_ಯೂಸ್_ಆಟೋಸಸ್ಪೆಂಡ್’, ‘ಡಿಸೇಬಲ್’. ಆಗಲೂ ಸ್ಥಿತಿ ಸಸ್ಪೆಂಡೆಡ್ ಆಗಿಲ್ಲದಿದ್ದರೆ ನಿಮ್ಮ ಸಸ್ಪೆಂಡ್ ಫಂಕ್ಷನನ್ನು ನೀವೇ ಕರೆದು, ‘ಸೆಟ್_ಸಸ್ಪೆಂಡೆಡ್’ ಅಂತ ಕೋರ್‌ಗೂ ತಿಳಿಸಿ. ‘ಡಿಸೇಬಲ್’ ಅಂದರೆ ಡಿವೈಸ್ ಆಫ್ ಆಯಿತು ಅಂತ ಅರ್ಥವಲ್ಲ. ನೀರುಗಂಟಿ ಕೆಲಸ ಬಿಟ್ಟ, ಅಷ್ಟೇ. ತೂಬು ಹೇಗಿತ್ತೋ ಹಾಗೇ ಇರುತ್ತದೆ.

ಇಡೀ ಸಿಸ್ಟಮ್ ಮಲಗುವಾಗ ಏನು ಮಾಡುವುದು? ಸರಳ ಡ್ರೈವರ್ ಆದರೆ ಸಿಸ್ಟಮ್ ಸ್ಲೀಪ್ ಜಾಗದಲ್ಲಿ ‘ಫೋರ್ಸ್_ಸಸ್ಪೆಂಡ್’ ಮತ್ತು ‘ಫೋರ್ಸ್_ರೆಸ್ಯೂಮ್’ ಹಾಕಿ. ಅವು ನಿಮ್ಮ ಅದೇ ಎರಡು ಕಾಲ್‌ಬ್ಯಾಕ್‌ಗಳನ್ನು ಬಳಸಿಕೊಳ್ಳುತ್ತವೆ.

ಕೊನೆಗೆ, ಅಳೆದು ನೋಡಿ

ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ತನ್ನ ಸ್ಥಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗದಲ್ಲಿ) ನಿಮ್ಮ ಡಿವೈಸ್‌ನ ‘ಪವರ್’ ಫೋಲ್ಡರ್‌ಗೆ ಹೋಗಿ. ‘ರನ್‌ಟೈಮ್_ಸ್ಟೇಟಸ್’ ಈಗಿನ ಸ್ಥಿತಿ ಹೇಳುತ್ತದೆ. ‘ರನ್‌ಟೈಮ್_ಆ್ಯಕ್ಟಿವ್_ಟೈಮ್’ ಎಷ್ಟು ಹೊತ್ತು ಎದ್ದಿತ್ತು ಅಂತ ಹೇಳುತ್ತದೆ. ‘ಕಂಟ್ರೋಲ್’ನಲ್ಲಿ ‘ಆನ್’ ಇದ್ದರೆ ಡಿವೈಸ್ ಎಂದೂ ಮಲಗುವುದಿಲ್ಲ, ‘ಆಟೋ’ ಬರೆಯಿರಿ. ಪಿಸಿಐ ಡಿವೈಸ್‌ಗಳು ಹುಟ್ಟುವಾಗಲೇ ‘ಆನ್’ ಆಗಿರುತ್ತವೆ. ‘ನನ್ನ ಸಸ್ಪೆಂಡ್ ಕರೆಯೋದೇ ಇಲ್ಲ’ ಅಂತ ಒದ್ದಾಡುವ ಮೊದಲು ಇದನ್ನು ನೋಡಿ.

ಆದರೆ ಮೇಲೆ ಹೇಳಿದ 2, 1 ಕಥೆ ಇಲ್ಲಿ ಕಾಣುವುದಿಲ್ಲ. ಅದಕ್ಕೆ ಡಿಬಗ್‌ಎಫ್‌ಎಸ್‌ನ ‘ಸಿಎಲ್‌ಕೆ_ಸಮರಿ’ ಫೈಲ್ ಬೇಕು. ಕೆರೆಯಿಂದ ಗದ್ದೆಯ ತನಕ ಇಡೀ ಮರ, ಪ್ರತಿ ಕ್ಲಾಕ್‌ನ ಎನೇಬಲ್ ಲೆಕ್ಕ, ಪ್ರಿಪೇರ್ ಲೆಕ್ಕ, ವೇಗ ಎಲ್ಲ ಅಲ್ಲಿದೆ. ಡಿವೈಸ್ ಮಲಗಿರುವಾಗ ನಿಮ್ಮ ಗೇಟ್‌ನ ಸಾಲು ನೋಡಿ. ಬೇರೆ ಯಾರೂ ಬಳಸದ ಗೇಟ್ ಆದರೆ ಎರಡೂ ಲೆಕ್ಕ 0 ಇರಬೇಕು. ಎನೇಬಲ್ 0, ಪ್ರಿಪೇರ್ 1 ಇದ್ದರೆ ಎಲ್ಲೋ ‘ಡಿಸೇಬಲ್’ ಮಾತ್ರ ಕರೆದು ‘ಅನ್‌ಪ್ರಿಪೇರ್’ ಮರೆತಿದ್ದೀರಿ. ಯಾರು ಯಾವಾಗ ಎಬ್ಬಿಸಿದರು ಅಂತ ನೋಡಬೇಕಾದರೆ ಕರ್ನೆಲ್‌ನ ಟ್ರೇಸ್ ಸಾಧನ ಎಫ್‌ಟ್ರೇಸ್‌ನ ‘ಆರ್‌ಪಿಎಂ’ ಮತ್ತು ‘ಸಿಎಲ್‌ಕೆ’ ಇವೆಂಟ್‌ಗಳನ್ನು ಆನ್ ಮಾಡಿ.

ಆಮೇಲೆ ಡ್ರೈವರನ್ನು ಸ್ವಲ್ಪ ಹಿಂಸಿಸಿ. ಆಟೋಸಸ್ಪೆಂಡ್ ಕಾಯುವ ಸಮಯವನ್ನು 0 ಮಾಡಿ ರಾತ್ರಿ ಪೂರ್ತಿ ಓದಿಸಿ, ಬರೆಯಿಸಿ. ಸಿಸ್‌ಎಫ್‌ಎಸ್‌ನಿಂದ ಅನ್‌ಬೈಂಡ್, ಬೈಂಡ್ ನೂರು ಸಲ ಮಾಡಿ. ಡಿವೈಸ್ ಮಲಗಿರುವಾಗ ಒಮ್ಮೆ, ಎದ್ದಿರುವಾಗ ಒಮ್ಮೆ ಮಾಡ್ಯೂಲ್ ತೆಗೆಯಿರಿ, ಎರಡೂ ಬೇರೆ ಬೇರೆ ದಾರಿ. ಪ್ರತಿ ಸುತ್ತಿನ ಕೊನೆಗೂ ‘ಸಿಎಲ್‌ಕೆ_ಸಮರಿ’ಯ ಆ ಒಂದು ಸಾಲು ಶುರುವಿನಲ್ಲಿ ಹೇಗಿತ್ತೋ ಹಾಗೇ ಇರಬೇಕು.

ನನ್ನ ಆ ಬೋರ್ಡ್‌ಗೆ ಕೊನೆಗೆ ಹೋದ ಪ್ಯಾಚ್ ಹತ್ತು ಸಾಲಿನದು. ಡಿವೈಸ್ ಟ್ರೀಯಲ್ಲಿ ಇನ್ನೊಂದು ಕ್ಲಾಕ್ ಸೇರಿತು, ಡ್ರೈವರ್ ‘ಬಲ್ಕ್’ಗೆ ಬದಲಾಯಿತು. ಲ್ಯಾಬ್‌ನ ಎಲ್ಲ ಬೋರ್ಡ್‌ಗಳ ಬೂಟ್ ಆರ್ಗ್ಯುಮೆಂಟ್ ಅದೇ ಸಂಜೆ ಒಂದೊಂದಾಗಿ ನಾನೇ ತೆರೆದು ನೋಡಿದೆ. ಇನ್ನೂ ಎರಡರಲ್ಲಿ ಅದೇ ಪದ ಇತ್ತು.